ಕೌದಿಯ ಹೊಟ್ಟೆಗೊಂದು ರೊಟ್ಟಿ

ಹಳೆಯ ಸೀರೆ ಹರಿಯುವಾಗ ನನಗೆ ಯಾರಾದರೊಬ್ಬರ ಮುಖ ನೆನಪಿಗೆ ಬರಬೇಕು. ಆಗ ಬಟ್ಟೆ ಒಂದೇ ಎಳೆತಕ್ಕೆ ಸರ್ರನೆ ಹರಿಯುತ್ತದೆ. ಆ ವರ್ಷ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಗೆಳತಿಯ ಕೂಸಿಗೆ ಹೊದಿಸುವ ಕೌದಿ ಹೊಲಿಯಲು ಚಿಂದಿ ಹರಿಯುತ್ತಿದ್ದಾಗ ನೆನಪಿಗೆ ಬರುತ್ತಿದ್ದದ್ದು ನನ್ನ ಗಂಡನ ಮುಖ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದು ತವರಿನಲ್ಲೂ ಅತ್ತೆಯ ಮನೆಯಲ್ಲೂ ನಾನು ಹೆಸರಾಗಿದ್ದೆ. ಅದು ಸುಳ್ಳೇನಲ್ಲ.

ಗೆಳತಿಯೂ ನಾನೂ ಸಗರದವರು, ಒಂದೇ ಓಣಿಯವರು. ಅವರ ಬಾಗಿಲಿಗೆ ಎದುರು ನಮ್ಮ ಬಾಗಿಲು. ಹುಡುಗಿಯರಿದ್ದಾಗ ನಾವು ಹೊಡೆದಾಡಿದಷ್ಟು ಆ ಓಣಿಯಲ್ಲಿ ಯಾರೂ ಹೊಡೆದಾಡಿಲ್ಲ. ಅವಳು ನನ್ನ ಮೊಣಕೈ ಕಚ್ಚಿದ ಗುರುತು ಈಗಲೂ ಇದೆ. ನಾನು ಕಲ್ಲಿನಿಂದ ಒಡೆದ ಅವಳ ಹಣೆಯ ಗುರುತನ್ನು ಅವಳು ಕುಂಕುಮದಿಂದ ಮುಚ್ಚಿಕೊಳ್ಳುತ್ತಿದ್ದಳು. ಹೊಡೆದಾಡಿದ ಸಂಜೆಯೇ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಮದುವೆಯಾಗಿ ನಾನು ಶಹಾಪುರಕ್ಕೆ ಬಂದೆ, ಅವಳು ಸುರಪುರದ ಕಡೆಯ ಒಂದು ಹಳ್ಳಿಗೆ ಹೋದಳು.

ಅವಳಿಗೆ ಹುಟ್ಟಿದ ಎರಡು ಕೂಸುಗಳೂ ಹಲ್ಲು ಮೂಡುವ ಮೊದಲೇ ಹೋದವು. ಮೂರನೆಯದಕ್ಕೆ ತವರಿಗೆ ಬಂದಾಗ ಸಂತೆಗೆ ಬರುವವರ ಕೈಯಲ್ಲಿ ನನಗೆ ಹೇಳಿಕಳಿಸಿದಳು. “ಈ ಸಲಾ ಕೌದಿ ನೀನ ಹೊಲೀಬೇಕು. ನಿನ್ನ ಸಿಟ್ಟಿಗೆ ಯಮಾನೂ ಅಂಜತಾನ” ಎಂದಿದ್ದಳಂತೆ. ನಾನು ನಕ್ಕೆ. ನಕ್ಕ ಮೇಲೆ ಒಳಗೆ ಹೋಗಿ ಅತ್ತೆ. ಈ ಕೂಸೂ ಉಳಿಯದಿದ್ದರೆ ಗೆಳತಿಯೇ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗಂಡನ ಮನೆಯವರು ಆಗಲೇ ಇನ್ನೊಂದು ಹೆಣ್ಣು ನೋಡಲು ಹೊರಟಿದ್ದರು.

ಕೂಸುಗಳು ನಿಲ್ಲದ ತಾಯಿಯ ಮಗುವಿಗೆ ನಮ್ಮಲ್ಲಿ ಹೊಸ ಬಟ್ಟೆ ಸೋಕಿಸುವುದಿಲ್ಲ. ಮಕ್ಕಳು ಬದುಕಿ ಬೆಳೆದ ಮನೆಗಳಿಂದ ಹಳೆಯ ಬಟ್ಟೆ ಬೇಡಿ ತಂದು ಅದರಿಂದಲೇ ಕೌದಿ ಹೊಲಿಯಬೇಕು. ಬೇಡಿ ತಂದದ್ದು ಅನ್ನುವ ಕಾರಣಕ್ಕೆ ಸಾವು ಅದರ ಮೇಲೆ ಕಣ್ಣು ಹಾಕುವುದಿಲ್ಲ ಎಂಬ ನಂಬಿಕೆ. ಹೀಗಾಗಿ ಒಳ್ಳೆಯ ಮನೆತನದ ಸೊಸೆ ನಾನು ಸೆರಗು ಒಡ್ಡಿಕೊಂಡು ಶಹಾಪುರದ ಓಣಿ ತಿರುಗಿದೆ. ದರ್ಜಿಯ ಹೆಂಡತಿ ತನ್ನ ಮಕ್ಕಳ ಹಸಿರು ಅಂಗಿಗಳನ್ನು ತಾನೇ ಮಡಿಸಿ ಕೊಟ್ಟಳು. ಕಿರಾಣಿ ಅಂಗಡಿಯವನ ಹೆಂಡತಿ ಮಾತ್ರ ಒಲೆ ಒರೆಸುವ ಅರಿವೆಯನ್ನು ನನ್ನ ಸೆರಗಿಗೆ ಎಸೆದಳು. ನಾನು ಅದನ್ನು ಅವಳ ಮುಖಕ್ಕೇ ತಿರುಗಿ ಎಸೆದೆ. ಇಬ್ಬರೂ ಜುಟ್ಟು ಹಿಡಿದುಕೊಂಡದ್ದನ್ನು ಬಿಡಿಸಲು ಓಣಿಯೇ ಬರಬೇಕಾಯಿತು. ಕೊನೆಗೆ ಅವಳ ಕುಪ್ಪಸದ ತೋಳು ನನ್ನ ಕೈಯಲ್ಲಿ ಉಳಿಯಿತು. ಅದನ್ನೂ ಕೌದಿಗೆ ಸೇರಿಸಿದೆ, ಅವಳಿಗೂ ಮಕ್ಕಳು ಚೆನ್ನಾಗಿಯೇ ನಿಂತಿದ್ದವಲ್ಲ.

ಗಂಡನ ಮುಖ ಯಾಕೆ ನೆನಪಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಅದು ದೊಡ್ಡ ಯುದ್ಧದ ಕಾಲ. ನಿಜಾಮರ ಸೀಮೆಯಲ್ಲಿ ಮನೆಮನೆಯಿಂದ ಜೋಳ ಅಳೆದುಕೊಂಡು ಹೋಗುವ ಲೇವಿ ಶುರುವಾಗಿತ್ತು. ಕೊಡದವರನ್ನು, ಬಚ್ಚಿಟ್ಟವರನ್ನು ಕಟ್ಟಿ ಹೊಡೆಯುತ್ತಿದ್ದರು. ಲೇವಿಯವರ ಜಮಾದಾರನಿಗೆ ಉರ್ದು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ, ಹಳ್ಳಿಯವರಿಗೆ ಉರ್ದು ಅರೆಬರೆ. ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳುವ ನೌಕರಿ ನನ್ನ ಗಂಡನದು. ಶಾಲೆಯಲ್ಲಿ ನಾಲ್ಕಕ್ಷರ ಉರ್ದು ಕಲಿತದ್ದು ಅವನಿಗೆ ಆ ನೌಕರಿ ಕೊಡಿಸಿತ್ತು.

ಮೊದಮೊದಲು ಅವನು ಮನೆಗೆ ಬಂದು ಊಟ ಬಿಡುತ್ತಿದ್ದ. ಯಾವುದೋ ಊರಿನಲ್ಲಿ ಒಬ್ಬ ಮುದುಕನ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ದನ್ನು ಹೇಳುವಾಗ ತಾಟನ್ನು ಪಕ್ಕಕ್ಕೆ ಸರಿಸಿದ್ದ. ಆಮೇಲಾಮೇಲೆ ಊಟ ಸಲೀಸಾಗಿ ಇಳಿಯತೊಡಗಿತು. ಒಂದು ದಿನ ಜಮಾದಾರ ಅವನ ಹಣೆಯ ವಿಭೂತಿ ನೋಡಿ ನಕ್ಕನಂತೆ. ಮರುದಿನದಿಂದ ಹೊಸ್ತಿಲು ದಾಟುವ ಮೊದಲು ತೋಳಿನಿಂದ ಹಣೆ ಒರೆಸಿಕೊಳ್ಳುವ ಚಾಳಿ ಬಂತು. ನಮ್ಮ ಹಬ್ಬ, ನಮ್ಮ ಅಡುಗೆ, ನನ್ನ ಮಾತು, ಎಲ್ಲವೂ ಅವನಿಗೆ ಜಾಹಿಲ್ ಆದವು, ಅಂದರೆ ತಿಳಿಗೇಡಿ, ಅಡ್ನಾಡಿ. “ಸಾಹೇಬ್ರು ನಕ್ಕರ ನಿನಗ್ಯಾಕ ಉರಿ?” ಎಂದು ಕೇಳಿದ್ದಕ್ಕೆ ಕೆನ್ನೆಗೆ ಬಾರಿಸಿದ. ನಾನು ತಂಬಿಗೆ ಬೀಸಿದೆ. ಅದು ಅವನ ಹುಬ್ಬಿಗೆ ತಾಗಿ ರಕ್ತ ಬಂತು. ಹಾಗಿತ್ತು ನಮ್ಮ ಸಂಸಾರ.

ಆದರೂ ಕೌದಿಯ ಬಾಯಿ ಹೊಲಿದ ದಿನ ನಾವಿಬ್ಬರೂ ಖುಷಿಯಾಗಿದ್ದೆವು. ಅದನ್ನು ಮುಚ್ಚಿಡುವುದಿಲ್ಲ. ಯಾವ ಕೌದಿಯನ್ನೂ ನಮ್ಮಲ್ಲಿ ಖಾಲಿ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮೊದಲು ಒಂದು ತುಣುಕು ಜೋಳದ ರೊಟ್ಟಿ ಒಳಗಿಟ್ಟು ಹೊಲಿಯುತ್ತೇವೆ. ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ ಎಂದು ಅವ್ವಂದಿರು ಹೇಳುತ್ತಿದ್ದರು. ಒಮ್ಮೆ ಹೊಲಿದ ಹೊಟ್ಟೆಯನ್ನು ಮತ್ತೆ ಬಿಚ್ಚಬಾರದು, ಬಿಚ್ಚಿದರೆ ಹೊದ್ದ ಕೂಸಿಗೆ ಕೇಡು. ಅಂದು ಬುಟ್ಟಿಯಲ್ಲಿ ರೊಟ್ಟಿ ಉಳಿದಿರಲಿಲ್ಲ. ಅವನು ಉಣ್ಣುತ್ತಿದ್ದ ತಾಟಿಗೇ ಕೈ ಹಾಕಿ ಒಣ ಕಟಕ ರೊಟ್ಟಿಯ ಚೂರು ಮುರಿದುಕೊಂಡೆ.

“ನನ್ನ ಬಾಯಾಗಿಂದು ಕಸಗೊಂಡು ಚಿಂದಿಗೆ ತಿನಸ್ತೀಯೇನ?” ಎಂದ.

“ಚಿಂದಿ ನಿನ್ನಂಗ ಕೈ ಎತ್ತೂದಿಲ್ಲ ನೋಡು, ಅದಕ್ಕ” ಎಂದೆ.

ಅವನಿಗೆ ನಗು ತಡೆಯಲಾಗಲಿಲ್ಲ. ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಚೂಪು ಅಂಚುಗಳು ಬಟ್ಟೆಗೆ ಚುಚ್ಚದಂತೆ ತನ್ನ ಹಲ್ಲಿನಿಂದಲೇ ಸುತ್ತಲೂ ಕಡಿದು ದುಂಡಗೆ ಮಾಡಿ ಕೊಟ್ಟ. ನಿಜಾಮರ ಹಾಲಿ ರೂಪಾಯಿಯಷ್ಟು ಅಗಲವಾಗಿತ್ತು. ನಾನು ಅದನ್ನಿಟ್ಟು ಮೂಲೆ ಹೊಲಿದೆ. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಪ್ರೀತಿ ಉಕ್ಕಿತ್ತು. ನೌಕರಿ ಬಿಟ್ಟರೆ ಇವನು ಮತ್ತೆ ಮನುಷ್ಯನಾಗುತ್ತಾನೆ ಎಂದುಕೊಂಡೆ.

ತೊಟ್ಟಿಲ ದಿನಕ್ಕೆ ಸಗರಕ್ಕೆ ಹೋದೆ. ಹೆಣ್ಣು ಕೂಸು. ತಲೆತುಂಬ ಕೂದಲು, ಮುಷ್ಟಿ ಬಿಗಿದುಕೊಂಡು ಅಳುವ ಜೋರು. ಗೆಳತಿ ಕೌದಿಯನ್ನು ಮೂಸಿ ನೋಡಿದಳು, ಮೂಲೆಗಳನ್ನು ಒತ್ತಿ ರೊಟ್ಟಿ ಇದ್ದ ಜಾಗ ಹುಡುಕಿದಳು. ಸಿಕ್ಕ ಮೇಲೆ ನಿಟ್ಟುಸಿರು ಬಿಟ್ಟಳು. “ಹೊಟ್ಟಿ ತುಂಬಿಸೀದಿ” ಎಂದು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಕೂಸು ಕೌದಿಯಲ್ಲಿ ಮಲಗಿತು, ನಾವಿಬ್ಬರೂ ಅದರ ಉಸಿರು ನೋಡುತ್ತ ಕೂತೆವು. ಅವಳು ಆಗಾಗ ಅದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಒಳಗಡೆ ಜೋಳ ಕುಟ್ಟುತ್ತಿದ್ದಾಗ ಲೇವಿಯವರು ಬಂದರು. ಗೆಳತಿಯ ಅಪ್ಪನನ್ನು ಧೋತರ ಹಿಡಿದು ಎಳೆದು ತಂದು ದನ ಕಟ್ಟುವ ಗೂಟಕ್ಕೆ ಕಟ್ಟಿದರು. ಬಾರುಕೋಲು ಬೀಳುವ ಸದ್ದು ಒಳಗೆ ಕೇಳಿತು. ಆಮೇಲೆ ನನ್ನ ಗಂಡನ ದನಿಯೂ ಕೇಳಿತು. ಒನಕೆ ಹಿಡಿದುಕೊಂಡೇ ಗೆಳತಿಯ ಕೋಣೆಗೆ ಓಡಿ ಬಾಗಿಲ ಮರೆಯಿಂದ ಅಂಗಳ ನೋಡಿದೆ.

“ಹಗೇವು ಎಲ್ಲೈತಿ ಅಂತ ಸಾಹೇಬ್ರು ಕೇಳಾಕತ್ಯಾರ. ಹೇಳಿಬಿಡು ಕಾಕಾ.”

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಮುದುಕ ಬಾಯಿ ಬಿಡಲಿಲ್ಲ. ಅದು ಬಿತ್ತನೆಯ ಜೋಳ, ಹೋದರೆ ಮುಂದಿನ ವರ್ಷ ಆ ಮನೆಗೆ ಮಣ್ಣೇ ಗತಿ. ಮತ್ತೆ ಹೊಡೆದರು. ನನ್ನ ಗಂಡ ಮತ್ತೆ ಅದೇ ಮಾತು ಹೇಳಿದ, ಅದೇ ಸಮಾಧಾನದ ದನಿಯಲ್ಲಿ. ಅಷ್ಟರಲ್ಲಿ ಸಲಾಕೆ ಹಿಡಿದವರು ಅಂಗಳವನ್ನೆಲ್ಲ ಚುಚ್ಚಿ, ಟೊಳ್ಳು ಸದ್ದು ಬಂದಲ್ಲಿ ಅಗೆದರು. ಗೆಳತಿಯ ಅವ್ವ ಗುಂಡಿಯ ಬಾಯಿಗೆ ಅಡ್ಡ ಮಲಗಿದಳು. ಅವಳನ್ನು ಕೂದಲು ಹಿಡಿದು ಪಕ್ಕಕ್ಕೆ ಎಳೆದು ಹಾಕಿದರು. ಮುದುಕ ಗೂಟದ ಮೇಲೆ ಕುಸಿದು ರಕ್ತ ಉಗುಳಿದ.

ಜೋಳ ಸಿಕ್ಕ ಮೇಲೂ ಜಮಾದಾರನಿಗೆ ತೃಪ್ತಿಯಾಗಲಿಲ್ಲ. ಇಷ್ಟು ಬಚ್ಚಿಟ್ಟವರು ಬಂಗಾರವನ್ನೂ ಬಚ್ಚಿಟ್ಟಿರಬೇಕು ಎಂದು ಬಾಣಂತಿಯ ಕೋಣೆಗೇ ನುಗ್ಗಿದ. ಹಿಂದೆ ಇಬ್ಬರು, ಅವರ ಹಿಂದೆ ನನ್ನ ಗಂಡ. ನನ್ನನ್ನು ನೋಡಿ ಅವನ ಮುಖದ ನೀರಿಳಿಯಿತು. ಕಣ್ಣು ಹೊರಳಿಸಿಕೊಂಡ. ಅವರು ಮಡಕೆ ಒಡೆದರು, ಪೆಟ್ಟಿಗೆ ಬೋರಲು ಹಾಕಿದರು, ಹೊರಸು ತಿರುವಿದರು. ಗೆಳತಿ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಗೋಡೆಗೆ ಅಂಟಿ ನಿಂತಳು. ಜಮಾದಾರ ಕೌದಿಗೆ ಕೈ ಹಾಕಿ ಹಿಸುಕಿ ನೋಡಿದ. ಮೂಲೆಯಲ್ಲಿ ಬೆರಳು ನಿಂತಿತು. ಗಟ್ಟಿ, ದುಂಡಗೆ, ರೂಪಾಯಿಯಷ್ಟಗಲ.

ಅವನು ನಕ್ಕು ಬಿಚ್ಚು ಎಂದು ಸನ್ನೆ ಮಾಡಿದ.

“ರೊಟ್ಟಿ ಐತ್ರಿ, ಅದು ರೊಟ್ಟಿ! ಕೌದಿ ಹೊಟ್ಟ್ಯಾಗಿನ ರೊಟ್ಟಿ!” ಗೆಳತಿ ಕಿರುಚಿದಳು.

ರೊಟ್ಟಿ ಅನ್ನುವುದು ಅವನಿಗೂ ತಿಳಿಯುತ್ತದೆ. ಆದರೆ ಹಾಸಿಗೆಯೊಳಗೆ ಯಾರಾದರೂ ರೊಟ್ಟಿ ಹೊಲಿಯುತ್ತಾರೆಯೇ? ಅವನಿಗೆ ಅದು ಹಸಿ ಸುಳ್ಳಾಗಿ ಕೇಳಿತು. ತಿರುಗಿ ನನ್ನ ಗಂಡನನ್ನು ಉರ್ದುವಿನಲ್ಲಿ ಕೇಳಿದ. ಇವಳು ಕೌದಿಯಲ್ಲಿ ರೊಟ್ಟಿ ಇದೆ ಅನ್ನುತ್ತಾಳೆ, ನಿಮ್ಮ ಜನರಲ್ಲಿ ಹಾಗೊಂದು ಪದ್ಧತಿ ಇದೆಯಾ? ಕೇಳುವಾಗಲೇ ಅವನ ತುಟಿಯಲ್ಲಿ ನಗು ಇತ್ತು. ಅಷ್ಟು ಉರ್ದು ನನಗೂ ಅರ್ಥವಾಗುತ್ತಿತ್ತು.

ನಾನು ಗಂಡನ ಮುಖವನ್ನೇ ನೋಡಿದೆ. ಅವನು ಹೌದು ಅಂದರೆ ಮುಗಿಯಿತು. ಆ ರೊಟ್ಟಿಯನ್ನು ಹಲ್ಲಿನಿಂದ ದುಂಡಗೆ ಮಾಡಿಕೊಟ್ಟವನೇ ಅವನು.

“ನಹೀ ಸಾಬ್” ಎಂದ. “ಹಮಾರೇ ಮೇ ಐಸಾ ಕುಛ್ ನಹೀ.” ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದ.

ಜಮಾದಾರ ಸೊಂಟದ ಚಾಕು ತೆಗೆದ. ಕೌದಿಯನ್ನು ಸುಮ್ಮನೆ ಕೊಟ್ಟುಬಿಟ್ಟಿದ್ದರೆ ಎಂದು ಕೇಳಿದವರೆಲ್ಲ ಆಮೇಲೆ ಅಂದರು. ಕೊಡುತ್ತಾಳೆ ಹೇಗೆ? ಹೊಟ್ಟೆ ಬಿಚ್ಚಿದರೆ ಕೂಸು ಹೋಗುತ್ತದೆ ಎಂದು ನಂಬಿದವಳು ಅವಳು, ಎರಡು ಕೂಸುಗಳನ್ನು ಮಣ್ಣಿಗಿಟ್ಟು ಬಂದವಳು. ಎರಡೂ ಕೈಯಿಂದ ಅಪ್ಪಿಕೊಂಡು ಮೈಯನ್ನೇ ಅಡ್ಡ ತಿರುಗಿಸಿದಳು. ಅವನು ಮೂಲೆ ಹಿಡಿದು ಎಳೆದು ಚಾಕು ಹಾಕಿದ. ಚಾಕು ಕೌದಿಯನ್ನೂ ಸೀಳಿತು, ಒಳಗಿದ್ದ ಕೂಸಿನ ತೊಡೆಯನ್ನೂ ಸೀಳಿತು. ಕೂಸು ಒಮ್ಮೆ ಕೀರಲಾಗಿ ಚೀರಿ ಉಸಿರು ಕಟ್ಟಿತು. ಹಸಿರು ಚಿಂದಿಗಳೆಲ್ಲ ಕೆಂಪಾದವು.

ನನ್ನ ಕೈಯಲ್ಲಿ ಒನಕೆ ಇನ್ನೂ ಇತ್ತು. ಅದನ್ನು ಎತ್ತಿ ಜಮಾದಾರನ ಮಣಿಕಟ್ಟಿನ ಮೇಲೆ ಇಳಿಸಿದೆ. ಎಲುಬು ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿತು. ಇವತ್ತಿಗೂ ಆ ಸದ್ದು ನೆನೆದರೆ ನನಗೆ ಸಮಾಧಾನವಾಗುತ್ತದೆ. ಇನ್ನೊಂದು ಏಟು ತಲೆಗೇ ಇತ್ತು, ಅಷ್ಟರಲ್ಲಿ ಹಿಂದಿನವರು ನನ್ನನ್ನು ಕೆಡವಿದರು. ಒಬ್ಬ ಬೂಟುಗಾಲಿನಿಂದ ಬಾಯಿಗೆ ಒದ್ದ. ಹಲ್ಲು ಮುರಿದು ನಾಲಿಗೆಯ ಮೇಲೆ ಬಂತು.

ಯಾರ ಹೆಂಗಸು ಇವಳು ಎಂದು ಜಮಾದಾರ ಕೂಗಿದ. ಇದಕ್ಕೆ ಮಾತ್ರ ನನ್ನ ಗಂಡ ನಿಜ ಹೇಳಿದ. ಹಾಗಾದರೆ ನೀನೇ ಇವಳನ್ನು ಸರಿಮಾಡು ಎಂದು ಜಮಾದಾರ ಬಾರುಕೋಲನ್ನು ಅವನತ್ತ ಎಸೆದ. ಅವನು ಅದನ್ನು ಎತ್ತಿಕೊಂಡ. ಮೊದಲ ಏಟು ಮೆಲ್ಲಗಿತ್ತು. ಜಮಾದಾರ ಬೈದ ಮೇಲೆ ಮೆಲ್ಲಗಿರಲಿಲ್ಲ. ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಅವನು ನನ್ನ ಬೆನ್ನು ನೋಡಿ ಹೊಡೆಯುತ್ತಿದ್ದ.

ಸೀಳಿದ ಕೌದಿಯನ್ನು ಜಾಲಾಡುತ್ತಿದ್ದ ಇನ್ನೊಬ್ಬನ ಕೈಯಿಂದ ಆ ಚೂರು ನೆಲಕ್ಕೆ ಬಿತ್ತು. ಅವನು ಅದನ್ನೆತ್ತಿ ಜಮಾದಾರನಿಗೆ ತೋರಿಸಿದ. ಜೋಳದ ರೊಟ್ಟಿ. ಜಮಾದಾರ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಗಂಡನ ಮುಖಕ್ಕೆ ಉಗುಳಿ ಹೊರಗೆ ನಡೆದ. ಜೋಳದ ಚೀಲಗಳು ಬಂಡಿ ಏರಿದವು. ನನ್ನ ಗಂಡ ಮುಖ ಒರೆಸಿಕೊಂಡು ಆ ಬಂಡಿಯ ಹಿಂದೆಯೇ ಹೋದ.

ಗೆಳತಿಯ ಅವ್ವ ಅರಳೆ ಸುಟ್ಟು, ಅರಿಷಿಣ ಸೇರಿಸಿ ಕೂಸಿನ ತೊಡೆಗೆ ತುಂಬಿ ಕಟ್ಟಿದಳು. ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಆದರೆ ಕೂಸಿನ ಮೈ ತಣ್ಣಗಾಗಿತ್ತು, ತುಟಿ ನೀಲಿಯಾಗಿತ್ತು. ಮೊಲೆ ಬಾಯಿಗಿಟ್ಟರೆ ಹಾಲು ಗಲ್ಲದ ಮೇಲೆ ಇಳಿದು ಹೋಗುತ್ತಿತ್ತು. ಅಳುವುದಿಲ್ಲ, ಕಣ್ಣು ತೆರೆಯುವುದಿಲ್ಲ. ಗೆಳತಿ ಅದರ ಮೂಗಿನ ಹತ್ತಿರ ಹಿಡಿದ ಬೆರಳನ್ನು ತೆಗೆಯಲೇ ಇಲ್ಲ. ನನ್ನ ಬಾಯಿ ಊದಿ ಮಾತು ಹೊರಡುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮುದುಕ ನರಳುತ್ತಿದ್ದ.

ಮರುದಿನ ಮಧ್ಯಾಹ್ನ ನನ್ನ ಗಂಡ ಒಬ್ಬನೇ ಬಂದ. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ. ಹಣೆಗೆ ವಿಭೂತಿ ಇತ್ತು. ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಕೂತು, ತನ್ನ ನೌಕರಿ ಹೋಯಿತು, ನನಗಾಗಿ ತಾನು ಸಾಹೇಬರ ಕಾಲು ಹಿಡಿದು ಬಂದದ್ದು, ಇಲ್ಲದಿದ್ದರೆ ನನ್ನನ್ನು ಯಾದಗಿರಿಗೆ ಎಳೆದೊಯ್ದು ಜೈಲಿಗೆ ಹಾಕುತ್ತಿದ್ದರು ಎಂದೆಲ್ಲ ಹೇಳಿಕೊಂಡ. ಅದು ನಿಜವೇ ಇರಬೇಕು. ಗೆಳತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೂಸನ್ನು ತನ್ನ ಅವ್ವನ ತೊಡೆಗೆ ಹಾಕಿ ಎದ್ದು ನಿಂತಳು. ಗೋಡೆ ಹಿಡಿದುಕೊಂಡೇ ನಿಲ್ಲಬೇಕಾಗಿತ್ತು, ಅಷ್ಟು ನಿತ್ರಾಣವಾಗಿದ್ದಳು.

“ಅದು ರೊಟ್ಟಿ ಅಂತ ನಿನಗ ಗೊತ್ತಿತ್ತೇನು?” ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. “ಗೊತ್ತಿತ್ತು.”

“ಮತ್ತ್ಯಾಕ ಇಲ್ಲ ಅಂದಿ?”

ಅವನು ಉಗುರಿನಿಂದ ಹೊಸ್ತಿಲ ಮಣ್ಣು ಕೆರೆದ. ಹೊಡೆಯುತ್ತಿದ್ದರು ಅನ್ನುತ್ತಾನೆ, ಕೊಲ್ಲುತ್ತಿದ್ದರು ಅನ್ನುತ್ತಾನೆ ಎಂದು ನಾನು ಕಾದೆ. ಹಾಗಂದಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ.

“ಹೂಂ ಅಂದಿದ್ರ ಸಾಹೇಬ್ರು ನಗತಿದ್ರು” ಎಂದ.

ಗೆಳತಿ ನನ್ನ ಕಡೆ ತಿರುಗಿದಳು. “ಅವನ್ನ ಹಿಡಕೊ” ಎಂದಳು.

ನಾನು ಹಿಂದಿನಿಂದ ಹೋಗಿ ಅವನ ಎರಡೂ ತೋಳು ಹಿಂದಕ್ಕೆ ತಿರುವಿ ಹಿಡಿದು, ಬೆನ್ನಿಗೆ ಮೊಣಕಾಲು ಕೊಟ್ಟೆ. ಮೈಯೆಲ್ಲ ಹುಣ್ಣಾಗಿತ್ತು, ಆದರೂ ಕೈಗೆ ಬಲ ಎಲ್ಲಿಂದಲೋ ಬಂತು. ಅವಳು ಹೊಡೆದಳು. ಕೆನ್ನೆಗೆ, ಬಾಯಿಗೆ, ಎದೆಗೆ, ಕೈ ಬಿದ್ದ ಕಡೆಗೆಲ್ಲ. ಬಾಣಂತಿಯ ಏಟಿನಲ್ಲಿ ಏನು ಬಲ ಇರುತ್ತದೆ? ಮೊದಲು ಅವನು ಸುಮ್ಮನೆ ತಿಂದ. ಅವಳು ಉಗುರಿನಿಂದ ಹಣೆಯ ವಿಭೂತಿಯ ಮೇಲೆ ಗೀರಿದಾಗ ಒದ್ದಾಡತೊಡಗಿದ. “ಬಿಡ, ನಾ ನಿನ್ನ ಗಂಡ ಅದೀನಿ, ಬಿಡ” ಎಂದು ನನಗೆ ಹೇಳಿದ. ನಾನು ಅವನ ತೋಳನ್ನು ಇನ್ನೂ ಮೇಲಕ್ಕೆ ತಿರುವಿದೆ. ಭುಜ ಲಟಕ್ಕೆಂದಿತು. ಅವನು ದೊಡ್ಡದಾಗಿ ಕೂಗಿಕೊಂಡ.

ಆ ಕೂಗಿಗೆ ಕೂಸು ಬೆಚ್ಚಿತು. ಹಿಂದಿನ ದಿನದಿಂದ ಬಾಯಿ ತೆರೆಯದ್ದು ಮುಷ್ಟಿ ಬಿಗಿದು ಅಳತೊಡಗಿತು. ಗೆಳತಿಯ ಎತ್ತಿದ ಕೈ ಹಾಗೇ ನಿಂತಿತು. ಅವಳು ಓಡಿಹೋಗಿ ಕೂಸನ್ನು ಕಸಿದುಕೊಂಡು ನೆಲಕ್ಕೆ ಕುಸಿದು ಎದೆಗೆ ಹಚ್ಚಿದಳು. ಕೂಸು ಹುಡುಕಿತು, ಬಾಯಿ ಹಾಕಿತು, ಎಳೆಯತೊಡಗಿತು. ಗುಟುಕಿನ ಸದ್ದು ನನ್ನವರೆಗೂ ಕೇಳಿತು. ಅವಳ ಅವ್ವ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

“ಕುಡಿಯಾಕತ್ತೈತಿ” ಎಂದಳು ಗೆಳತಿ, ಅಳುತ್ತ, ನಗುತ್ತ. ಆಮೇಲೆ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. “ಸಾಕು. ಇನ್ನ ಬಿಡು ಅವನ್ನ” ಎಂದಳು.

ನಾನು ಬಿಡಲಿಲ್ಲ.